ಬಾಗಿಲಿಗೆ ಅಡ್ಡ ಬಂದ ಬಾಲ

ಖಗೋಳ ವಿಜ್ಞಾನದಲ್ಲಿ ಕೆಲಸ ಮಾಡಿದವಳು ಎಂದ ಕೂಡಲೇ ಎದುರಿಗಿದ್ದವರು ಎರಡರಲ್ಲಿ ಒಂದನ್ನು ಕೇಳುತ್ತಾರೆ. ಮಗಳ ಜಾತಕ ನೋಡುತ್ತೀರಾ ಎನ್ನುತ್ತಾರೆ, ಇಲ್ಲವೇ ದೂರದರ್ಶಕದಲ್ಲಿ ಶನಿಯ ಬಳೆ ತೋರಿಸುತ್ತೀರಾ ಎನ್ನುತ್ತಾರೆ. ನನಗೆ ಎರಡೂ ಬರುವುದಿಲ್ಲ. ನೌಕರಿ ಮಾಡಿದಷ್ಟು ಕಾಲ ನಾನು ನೋಡಿದ್ದು ಕಾಗದ. ಅಂಚಿನಲ್ಲಿ ತೂತುಗಳಿರುವ, ಒಂದಕ್ಕೊಂದು ಅಂಟಿಕೊಂಡು ಮಡಿಕೆ ಮಡಿಕೆಯಾಗಿ ಪ್ರಿಂಟರಿನಿಂದ ಇಳಿಯುವ ಉದ್ದನೆಯ ಕಾಗದ. ಈ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳು ಆಕಾಶದ ಕನಸು ಕಟ್ಟಿಕೊಂಡು ಬರುತ್ತಾರೆ, ಮೊದಲ ವಾರದಲ್ಲೇ ಮುಖ ಸಪ್ಪಗೆ ಮಾಡುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಯಾವ ವರ್ಷ ರೀಡರ್ ಆದೆ, ಯಾವ ವರ್ಷ ಪ್ರೊಫೆಸರ್ ಆದೆ ಎಂಬುದು ಪೆನ್ಷನ್ ಕಚೇರಿಗೆ ಗೊತ್ತಿದೆ, ಅಷ್ಟು ಸಾಕು.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಹೆಚ್ಚು ಕಡಿಮೆ ದಿನಕ್ಕೊಂದು ಸಲ ಆಕಾಶದ ಯಾವುದೋ ಮೂಲೆಯಿಂದ ಗಾಮಾ ಕಿರಣಗಳ ಒಂದು ಹೊಡೆತ ಬರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ವಾತಾವರಣ ದಾಟಿ ನೆಲಕ್ಕೆ ಇಳಿಯುವುದಿಲ್ಲ. ಮೇಲೆ ಸುತ್ತುವ ಉಪಗ್ರಹಕ್ಕೆ ಮಾತ್ರ ಅದು ಗೊತ್ತಾಗುತ್ತದೆ. ಎಲ್ಲೋ ಬಹು ದೂರದಲ್ಲಿ ಒಂದು ಭಾರಿ ನಕ್ಷತ್ರ ಕುಸಿದಿರುತ್ತದೆ, ಅಥವಾ ಸತ್ತು ಗಟ್ಟಿಯಾದ ಎರಡು ನಕ್ಷತ್ರಗಳು ಒಂದಕ್ಕೊಂದು ಡಿಕ್ಕಿ ಹೊಡೆದಿರುತ್ತವೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಇಲ್ಲಿ ದೊಣ್ಣೆಗೆ ನಿಮಿಷವೂ ಬೇಡ. ಎರಡು ಸೆಕೆಂಡಿಗಿಂತ ಕಡಿಮೆ ಹೊತ್ತು ಬಡಿದರೆ ಡಿಕ್ಕಿ, ಅದಕ್ಕಿಂತ ಹೆಚ್ಚು ಹೊತ್ತು ಬಡಿದರೆ ಕುಸಿತ ಎಂದು ನಾವು ಕಲಿತಿದ್ದೆವು. ಮೊದಲನೆಯದಕ್ಕೆ ನಮ್ಮ ವಿಭಾಗದಲ್ಲಿ ಗಿಡ್ಡ ಎಂದು ಹೆಸರು, ಎರಡನೆಯದಕ್ಕೆ ಉದ್ದ. ಉಪಗ್ರಹ ನಮ್ಮದಲ್ಲ, ಅಮೆರಿಕದವರದು. ಅವರು ಅಂಕಿಗಳನ್ನು ಲೋಕಕ್ಕೆಲ್ಲ ಬಿಟ್ಟಿಯಾಗಿ ಕೊಡುತ್ತಿದ್ದರು, ನಾವು ಬಿಡಿಸಿ ನೋಡುತ್ತಿದ್ದೆವು.

ನನ್ನ ಯಜಮಾನರು ಗದಗಿನವರು, ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರ್. ಮನೆ ಅಲ್ಲೇ ಟೌನ್‌ಶಿಪ್ಪಿನಲ್ಲಿ. ನಾನು ಮೊದಲು ನಾಶಿಕದ ಒಂದು ಕಾಲೇಜಿನಲ್ಲಿದ್ದೆ. ಎರಡು ಸಾವಿರದ ಇಸವಿ ದಾಟುತ್ತಲೇ ವಿಶ್ವವಿದ್ಯಾಲಯದ ಕೆಲಸ ಸಿಕ್ಕಿ ಔರಂಗಾಬಾದಿಗೆ ಹೋದೆ. ಈಗ ಅದು ಛತ್ರಪತಿ ಸಂಭಾಜಿನಗರ, ಆಗ ನಮ್ಮೆಲ್ಲರ ಬಾಯಲ್ಲಿ ಔರಂಗಾಬಾದ್. ಸೋಮವಾರ ನಸುಕಿಗೆ ಬಸ್ಸು ಹತ್ತುವುದು, ಶನಿವಾರ ಮಧ್ಯಾಹ್ನ ಅದೇ ದಾರಿಯಲ್ಲಿ ತಿರುಗಿ ಬರುವುದು. ನಿಫಾಡ, ಯೇವಲಾ, ವೈಜಾಪುರ ದಾಟುವ ಆ ಬಸ್ಸಿನಲ್ಲಿ ನಾನು ಓದಿದಷ್ಟು ಸಂಶೋಧನಾ ಪ್ರಬಂಧಗಳನ್ನು ಲೈಬ್ರರಿಯಲ್ಲಿ ಓದಿಲ್ಲ. ಗಾಮಾ ಕಿರಣ ಎಂದದ್ದನ್ನು ಟೌನ್‌ಶಿಪ್ಪಿನ ಹೆಂಗಸರು ಆಸ್ಪತ್ರೆಯ ಚಿಕಿತ್ಸೆ ಎಂದು ಅರ್ಥಮಾಡಿಕೊಂಡಿದ್ದರು. ಭಾನುವಾರ ಯಾರಾದರೊಬ್ಬರು ಮಂಡಿ ನೋವು ತೆಗೆದುಕೊಂಡು ಬರುತ್ತಿದ್ದರು. ಬಿಸಿ ಎಣ್ಣೆ ಹಚ್ಚಿಕೊಳ್ಳಿರೆಂದು ಹೇಳಿ ಚಹಾ ಕೊಟ್ಟು ಕಳಿಸುತ್ತಿದ್ದೆ. ಗುಣವೂ ಆಗುತ್ತಿತ್ತು, ನನ್ನ ಕೀರ್ತಿಯೂ ಬೆಳೆಯುತ್ತಿತ್ತು.

ಔರಂಗಾಬಾದಿನಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ಬಿರಾದಾರ ಸರ್. ಕಲಬುರಗಿ ಕಡೆಯವರು. ಗಟ್ಟಿ ಇಸ್ತ್ರಿಯ ಅಂಗಿ, ಎದೆಯ ಜೇಬಿನಲ್ಲಿ ಪೆನ್ನಿಗೆ ಬದಲು ಒಂದು ಸ್ಟೀಲ್ ಸ್ಕೇಲು. ಮಾತು ಕಡಿಮೆ, ನಗು ಇನ್ನೂ ಕಡಿಮೆ, ಆದರೆ ನಗಿಸುವುದರಲ್ಲಿ ಪಕ್ಕಾ. ಅವರು ವರ್ಗೀಕರಣಕ್ಕೆ ಒಂದು ಪದ್ಧತಿ ಮಾಡಿಟ್ಟಿದ್ದರು. ನಮ್ಮ ಕೋಣೆಯ ಒಂದು ಉದ್ದನೆಯ ಗೋಡೆಯ ಮಧ್ಯದಲ್ಲಿ ಬಾಗಿಲು. ಬಾಗಿಲ ಎಡಗಡೆ ಗಿಡ್ಡ ಸ್ಫೋಟಗಳ ಗ್ರಾಫು, ಬಲಗಡೆ ಉದ್ದ ಸ್ಫೋಟಗಳದು. ಪರೀಕ್ಷಾ ವಿಭಾಗದವರು ಬೇಡವೆಂದು ಬಿಟ್ಟ ಹಳೆಯ ಪ್ರಿಂಟರಿನಿಂದ ಗ್ರಾಫು ಕರಕರ ಎನ್ನುತ್ತ ಇಳಿಯುತ್ತಿತ್ತು. ಮಧ್ಯೆ ಲೋಡ್‌ಶೆಡ್ಡಿಂಗ್ ಬಂದರೆ ಅಲ್ಲಿಗೇ ನಿಲ್ಲುತ್ತಿತ್ತು. ಸರ್ ಅದನ್ನು ಒಂದು ಪುಟಕ್ಕೆ ಹರಿದುಕೊಂಡು, ಸ್ಫೋಟ ಇಲ್ಲದಾಗ ಸುಮ್ಮನೆ ಬರುವ ಹಿನ್ನೆಲೆ ಎಣಿಕೆ ಎಷ್ಟಿದೆ ಎಂದು ಪುಟದ ಎಡ ಅಂಚು, ಬಲ ಅಂಚು ನೋಡಿ ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದರು. ಆ ಗೆರೆಯ ಮೇಲೆ ಎದ್ದು ನಿಂತದ್ದೇ ಸ್ಫೋಟ. ಅದರ ಅಗಲ ಅಳೆದು ಎಡಕ್ಕೋ ಬಲಕ್ಕೋ ಅಂಟಿಸುವುದು. ಗೋಡೆಯ ಜಾಗ ಉಳಿಯಲೆಂದು ಒಂದು ಸ್ಫೋಟಕ್ಕೆ ಒಂದೇ ಪುಟ. ಉಳಿದ ಪುಟಗಳ ಹಿಂಬದಿ ಮಕ್ಕಳಿಗೆ ಲೆಕ್ಕ ಮಾಡಲು ಬರುತ್ತಿತ್ತು.

"ಎರಡು ಸೆಕೆಂಡಿನ ಒಳಗ ಇದ್ರ ಎಡಕ್ಕ, ಹೊರಗ ಇದ್ರ ಬಲಕ್ಕ. ಶನಿವಾರ ಮಧ್ಯಾಹ್ನಕ್ಕ ಮೇಜು ಖಾಲಿ ಇರ್ಬೇಕ್ರಿ ಸರೋಜಾಬಾಯಿ," ಎಂದು ನಾನು ಸೇರಿದ ದಿನವೇ ಹೇಳಿದ್ದರು. "ಮೇಜಿನ ಮ್ಯಾಲ ಉಳದದ್ದು ತಲ್ಯಾಗೂ ಉಳೀತದ. ಭಾನುವಾರ ಊಟ ರುಚಿ ಹತ್ತೂದಿಲ್ಲ."

ಹೊಸಬರಿಗೆ ನನ್ನ ಮೊದಲ ಸ್ಫೋಟದ ಕಥೆ ಹೇಳದೆ ಮುಂದೆ ಹೋಗಲಾರೆ. ಸೇರಿದ ಮೊದಲ ವರ್ಷವೇ ಅಂಕಿಗಳ ರಾಶಿಯಲ್ಲಿ ಯಾರ ಪಟ್ಟಿಯಲ್ಲೂ ಇಲ್ಲದ ಒಂದು ಭಾರಿ ಏರಿಕೆ ನನ್ನ ಕಣ್ಣಿಗೆ ಬಿತ್ತು. ಅಷ್ಟು ಎತ್ತರದ್ದನ್ನು ಅಮೆರಿಕದವರು ಹೇಗೆ ಬಿಟ್ಟರೋ ಎಂದು ಒಂದು ಕ್ಷಣವೂ ಅನುಮಾನ ಬರಲಿಲ್ಲ. ಮುಂದಿನ ಸೋಮವಾರ ನಾಶಿಕದಿಂದ ದೊಡ್ಡ ಡಬ್ಬಿ ತುಂಬ ಚಿವಡಾ, ಅಂದರೆ ಖಾರದ ಅವಲಕ್ಕಿ, ತಂದೆ. ವಿಭಾಗಕ್ಕೆಲ್ಲ ಹಂಚಿದೆ. ಬಿರಾದಾರ ಸರ್ ಎರಡು ಸಲ ಹಾಕಿಸಿಕೊಂಡು ತಿಂದರು, ಕೈ ತೊಳೆದುಕೊಂಡು ಬಂದರು, ಗ್ರಾಫು ನೋಡಿದರು.

"ಚಿವಡಾ ಛಲೋ ಅದರಿ. ಖಾರ ಬರೋಬರ್ ಅದ. ಈಗ ಕೇಳ್ರಿ. ಆ ಹೊತ್ತಿಗೆ ಉಪಗ್ರಹ ದಕ್ಷಿಣ ಅಟ್ಲಾಂಟಿಕ್ ಸಮುದ್ರದ ಮ್ಯಾಲ ಇತ್ತು. ಭೂಮಿ ಸುತ್ತ ತಿರಗೋ ಕಣಗಳು ಅಲ್ಲಿ ಭಾಳ ಕೆಳಗ ಇಳಿದಿರ್ತಾವ. ಅವೇ ಯಂತ್ರಕ್ಕ ಬಡದಾವ. ನಿಮ್ಮ ಸ್ಫೋಟ ಆಕಾಶದಾಗ ಆಗಿಲ್ರಿ, ನಮ್ಮ ಅಂಗಳದಾಗೇ ಆಗ್ಯಾದ."

"ತಿನ್ನೂಕ್ಕಿಂತ ಮೊದಲ ಹೇಳಬಾರದಿತ್ತೇನ್ರಿ ಸರ್?"

"ಮೊದಲ ಹೇಳಿದ್ರ ನೀವು ಡಬ್ಬಿ ಮುಚ್ಚತಿದ್ರಿ."

ಅಂದಿನಿಂದ ಅದೇ ಕಾಯಿದೆಯಾಯಿತು. ಯಾರ ಮಾತು ತಪ್ಪೆಂದು ತೀರ್ಮಾನವಾಗುತ್ತದೆಯೋ ಅವರು ಸೋಮವಾರ ಚಿವಡಾ ತರಬೇಕು, ಎಲ್ಲರೂ ತಿನ್ನಬೇಕು, ತಿಂದ ಮೇಲೆ ಆ ಮಾತು ಎತ್ತಬಾರದು. ಸೂರ್ಯನ ಮೇಲಿನ ಜ್ವಾಲೆಯನ್ನು ಸ್ಫೋಟ ಎಂದವರು ತಂದರು, ಒಂದೇ ಸ್ಫೋಟವನ್ನು ಎರಡು ಸಲ ಅಂಟಿಸಿದವರು ತಂದರು. ನಾನಂತೂ ಅಂಗಡಿಯವನ ಖಾಯಂ ಗಿರಾಕಿಯಾದೆ. ಬೈಗುಳಕ್ಕಿಂತ ಇದು ಎಷ್ಟೋ ವಾಸಿ. ತಪ್ಪು ಹೇಳಲು ಯಾರೂ ಹೆದರುತ್ತಿರಲಿಲ್ಲ, ಹಸಿವಿನ ದಿನಗಳಲ್ಲಿ ಯಾರಾದರೂ ತಪ್ಪು ಮಾಡಲಿ ಎಂದು ಕಾಯುತ್ತಲೂ ಇದ್ದೆವು. ಬಿರಾದಾರ ಸರ್ ಮಾತ್ರ ಒಮ್ಮೆಯೂ ಚಿವಡಾ ತಂದಿರಲಿಲ್ಲ. ಅಳೆಯದೆ ಬಾಯಿ ಬಿಡುವ ಮನುಷ್ಯನಲ್ಲ.

ಒಮ್ಮೆ ತಪಾಸಣೆಗೆಂದು ಒಂದು ಸಮಿತಿ ಬಂತು. ಅದರಲ್ಲೊಬ್ಬ ಹಿರಿಯರು ನಮ್ಮ ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, ಇದರಿಂದ ರೈತನಿಗೇನು ಉಪಯೋಗ ಎಂದು ಹಿಂದಿಯಲ್ಲಿ ಕೇಳಿದರು. ನಾನು ದೊಡ್ಡ ಉತ್ತರಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಸರ್, "ರೈತನಿಗೆ ಇದರಿಂದ ಯಾವ ಕಾಟವೂ ಇಲ್ಲ ಸಾಹೇಬರೇ, ಈ ದಿನಗಳಲ್ಲಿ ಅದೇನು ಸಣ್ಣ ಉಪಯೋಗವೇ?" ಎಂದು ಹಿಂದಿಯಲ್ಲೇ ಹೇಳಿಬಿಟ್ಟರು. ಹಿರಿಯರು ನಕ್ಕರು. ನಮಗೆ ಹೊಸ ಕಂಪ್ಯೂಟರ್ ಮಂಜೂರಾಯಿತು.

ಆ ಕಂಪ್ಯೂಟರ್ ಬಂದ ವರ್ಷವೇ ಮೇಘಾ ಮಠಪತಿ ಸಂಶೋಧನೆಗೆ ಸೇರಿದಳು. ಸಟಾಣಾದ ಹುಡುಗಿ. ಅಜ್ಜ ಬೀದರ್ ಕಡೆಯಿಂದ ಬಂದು ಅಲ್ಲಿ ನೆಲೆ ನಿಂತವರು, ಅಪ್ಪ ಈರುಳ್ಳಿ ಬೆಳೆಯುತ್ತಿದ್ದರು. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಆಡುವಾಗ ಅರ್ಧ ದಾರಿಯಲ್ಲಿ ಮರಾಠಿ ಬಂದು ಕೈ ಹಿಡಿಯುತ್ತಿತ್ತು. ಕೆಲಸದಲ್ಲಿ ಚುರುಕು, ಹಟದಲ್ಲಿ ನನ್ನನ್ನೂ ಮೀರಿಸಿದವಳು. ಸೇರಿದ ಕೆಲವೇ ತಿಂಗಳಲ್ಲಿ, ಒಂದು ಶನಿವಾರ ಗ್ರಾಫು ಅಂಟಿಸುತ್ತ ಅವಳು ಸರ್ ಅವರನ್ನು ಕೇಳಿದಳು.

"ಸರ್, ನೀವು ಬರೀ ಸೈಜ್ ನೋಡ್ತೀರಿ. ನಮ್ಮ ಮನ್ಯಾಗ ಸೈಜ್ ನೋಡಿ ಉಳ್ಳಾಗಡ್ಡಿ ಜಾತಿ ಹೇಳಂಗಿಲ್ಲ. ಬೇಸಿಗಿ ಕಾಂದಾ ಸಣ್ಣದಿದ್ರೂ ತಿಂಗಳಗಟ್ಲೆ ತಡೀತದ. ಲಾಲ್ ಕಾಂದಾ ದೊಡ್ಡದಿದ್ರೂ ಲವಕರ್ ಕೊಳೀತದ. ಕುತ್ತಿಗಿ ಹಿಡದು ನೋಡಬೇಕು, ಮ್ಹಣಜೆ ಗೊತ್ತಾಗ್ತದ."

"ನಕ್ಷತ್ರಕ್ಕ ಕುತ್ತಿಗಿ ಎಲ್ಲದವ್ವಾ?" ಎಂದರು ಸರ್.

ನಾವೆಲ್ಲ ನಕ್ಕೆವು. ಅವಳೂ ನಕ್ಕಳು, ಆದರೆ ಮರೆಯಲಿಲ್ಲ. ಸ್ಫೋಟದ ಕಿರಣಗಳಲ್ಲಿ ಹೆಚ್ಚು ಶಕ್ತಿಯವೂ ಇರುತ್ತವೆ, ಕಡಿಮೆ ಶಕ್ತಿಯವೂ ಇರುತ್ತವೆ. ಉದ್ದ ಸ್ಫೋಟಗಳಲ್ಲಿ ಸಾಮಾನ್ಯವಾಗಿ ಕಡಿಮೆ ಶಕ್ತಿಯವು ತುಸು ತಡವಾಗಿ ಬರುತ್ತವೆ, ಗಿಡ್ಡವುಗಳಲ್ಲಿ ಎರಡೂ ಬಹುಮಟ್ಟಿಗೆ ಜೊತೆಗೇ ಬರುತ್ತವೆ. ಹೊರದೇಶದವರು ಇದನ್ನು ಆಗಲೇ ಬರೆದಿದ್ದರು. ಮೇಘಾ ಅದನ್ನೇ ಕುತ್ತಿಗೆ ಎಂದು ಹಿಡಿದಳು. ಗೋಡೆಯ ಮೇಲಿನ ಒಂದೊಂದನ್ನೂ ಇಳಿಸಿ, ಅಗಲ ಬಿಟ್ಟು ಆ ತಡವನ್ನು ಅಳೆಯತೊಡಗಿದಳು. ಆ ದಿನಗಳಲ್ಲೇ ಇನ್ನೊಂದು ಸುದ್ದಿಯೂ ಬಂತು. ನಮಗೆ ಸಾಕಷ್ಟು ಹತ್ತಿರದಲ್ಲೇ ಒಂದು ಉದ್ದ ಸ್ಫೋಟವಾಗಿತ್ತು, ಆದರೆ ನಕ್ಷತ್ರ ಕುಸಿದಾಗ ಕಾಣಲೇಬೇಕಾದ ಬೆಳಕು ಅಲ್ಲಿ ಕಾಣಲೇ ಇಲ್ಲ. ಅಂದರೆ ಎರಡು ಸೆಕೆಂಡಿನ ಕಾಯಿದೆ ಎಲ್ಲೋ ಬಿರುಕು ಬಿಡುತ್ತಿತ್ತು. ಸರ್ ಅದನ್ನು ಓದಿ, ಒಂದು ಅಪವಾದ ಎಂದು ಮಡಚಿಟ್ಟರು.

ವರ್ಷಗಳು ಹೋದವು. ಮೇಘಾಳ ಪ್ರಬಂಧ ಮುಗಿಯುತ್ತ ಬಂತು, ಶಿಷ್ಯವೇತನವೂ ಮುಗಿಯುತ್ತ ಬಂತು. ಆಗ ವೈಜಾಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಒಂದೇ ಒಂದು ಜಾಗ ಖಾಲಿಯಾಯಿತು. ಅರ್ಜಿ ಹಾಕಬೇಕಾದರೆ ಮಳೆಗಾಲಕ್ಕೆ ಮುಂಚೆ ಪ್ರಬಂಧ ಸಲ್ಲಿಸಿರಬೇಕು. ಸಲ್ಲಿಸಬೇಕಾದರೆ ಮಾರ್ಗದರ್ಶಕರಾದ ಬಿರಾದಾರ ಸರ್ ಸಹಿ ಬೇಕು. ಸರ್ ಎಲ್ಲ ಅಧ್ಯಾಯಗಳನ್ನೂ ಒಪ್ಪಿದರು, ನಾಲ್ಕನೆಯದನ್ನು ಬಿಟ್ಟು. ಎಡಗೋಡೆಯ ಮೇಲೆ ಸರ್ ಕೈಯಾರೆ ಅಂಟಿಸಿದ್ದ ಒಂದು ಗಿಡ್ಡ ಸ್ಫೋಟಕ್ಕೆ ನಿಜವಾಗಿ ಉದ್ದನೆಯ, ಮಂದವಾದ ಒಂದು ಬಾಲ ಇದೆ, ಆದರೂ ಅದು ಡಿಕ್ಕಿಯಿಂದಲೇ ಆದದ್ದು, ಆದ್ದರಿಂದ ಹೊತ್ತು ಅಳೆದು ಜಾತಿ ಹೇಳುವುದೇ ಸರಿಯಲ್ಲ ಎಂದು ಅವಳು ಆ ಅಧ್ಯಾಯದಲ್ಲಿ ಬರೆದಿದ್ದಳು.

"ಬಾಲ ಗೀಲ ಏನಿಲ್ಲ," ಎಂದರು ಸರ್. "ಉಪಗ್ರಹ ಸುತ್ತತಿರ್ತದ, ಹಿನ್ನೆಲೆ ಎಣಿಕಿ ಏರತದ, ಇಳೀತದ. ನಿನಗ ಕಂಡದ್ದು ಆ ಏರಿಳಿತ. ನಾಕನೇ ಅಧ್ಯಾಯ ತಗದುಬಿಡವ್ವಾ, ಇವತ್ತೇ ಸಹಿ ಹಾಕ್ತೀನಿ. ಹೊರಗಿಂದ ಬರೋ ಪರೀಕ್ಷಕರು ನಿನ್ನ ಹರದು ತಿಂತಾರ. ಆ ನೌಕರಿ ಹೋದ್ರ ಮತ್ತ ಯಾವಾಗ ಬರತದೋ."

"ತಗದ್ರ ಉಳದದ್ದು ಕ್ಯಾಟಲಾಗ್ ಆಗ್ತದ ಸರ್, ಪ್ರಬಂಧ ಅಲ್ಲ. ನಕೋ. ನಾ ತಗಿಯಂಗಿಲ್ಲ."

ಸರ್ ಮಾತಿನಲ್ಲಿ ಹಟ ಮಾತ್ರವಲ್ಲ, ಅವಳ ಬಗ್ಗೆ ಕಾಳಜಿಯೂ ಇತ್ತು. ಅದಕ್ಕೇ ನನಗೆ ಯಾರ ಪರ ನಿಲ್ಲಬೇಕೋ ತಿಳಿಯಲಿಲ್ಲ. ಸರ್ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು, ಮೇಘಾ ಮೊಲಕ್ಕೆ ಬಾಲವೂ ಇದೆ ಎನ್ನುವವಳು. ನಡುವೆ ಸಿಕ್ಕಿದವಳು ನಾನು. ಅವಳನ್ನು ಸೇರಿಸಿಕೊಳ್ಳಿ ಎಂದು ಸರ್‌ಗೆ ದುಂಬಾಲು ಬಿದ್ದವಳೂ ನಾನೇ. ನಿಜ ಹೇಳುತ್ತೇನೆ, ಆ ವಾರ ನನಗೆ ಭಯವಾಗಿತ್ತು. ಅವಳು ಹಟ ಬಿಡದೆ ಸಟಾಣಾಕ್ಕೆ ತಿರುಗಿ ಹೋಗಿಬಿಟ್ಟರೆ ಎಂದು.

ವಿಭಾಗದಲ್ಲಿ ಇನ್ನೊಂದು ರೂಢಿಯಿತ್ತು. ಗೋಡೆಯ ಮೇಲಿನದು ತಪ್ಪು ಎನ್ನುವವರು ಬಾಯಲ್ಲಿ ಹೇಳುವಂತಿಲ್ಲ. ಗ್ರಾಫನ್ನು ಹೊಸದಾಗಿ ತೆಗೆದು, ಶನಿವಾರ ಎಲ್ಲರೆದುರು ಅದೇ ಗೋಡೆಗೆ ಅಂಟಿಸಿ ತೋರಿಸಬೇಕು. ಮೇಘಾ ಆ ಶನಿವಾರ ಬೇಗ ಬಂದಳು. ಅದೇ ಸ್ಫೋಟವನ್ನು ಮತ್ತೆ ಪ್ರಿಂಟ್ ಮಾಡಿದಳು, ಈ ಸಲ ಕಡಿಮೆ ಶಕ್ತಿಯ ಕಿರಣಗಳ ಎಣಿಕೆಯನ್ನು ಮಾತ್ರ. ಮುಖ್ಯವಾಗಿ, ಅವಳು ಕಾಗದವನ್ನು ಹರಿಯಲಿಲ್ಲ. ಒಂದಾದ ಮೇಲೊಂದು ಪುಟ ಮಡಿಕೆ ಬಿಚ್ಚುತ್ತ ಬಂದವು. ಎಡಗೋಡೆಯಿಂದ ಅಂಟಿಸುತ್ತ ಹೊರಟಳು. ಗೋಡೆ ಮುಗಿಯಿತು, ಕಾಗದ ಮುಗಿಯಲಿಲ್ಲ. ಮುಚ್ಚಿದ ಬಾಗಿಲಿನ ಮೇಲೆಯೇ ಅಂಟಿಸುತ್ತ ದಾಟಿ ಬಲಗೋಡೆಗೆ ಹೋದಳು. ನಾನು ಮತ್ತೆ ಕೆಟ್ಟು ನಿಂತ ಪ್ರಿಂಟರಿಗೆ ಜೀವ ಬರಿಸುವುದರಲ್ಲಿ ಮುಳುಗಿದ್ದೆ, ನೋಡಿದಾಗ ಕೆಲಸ ಮುಗಿದಿತ್ತು.

ಸರಿಯಾಗಿ ಆಗಲೇ ಬಿರಾದಾರ ಸರ್ ಬಂದರು. ಬಾಗಿಲು ಹೊರಗಿನಿಂದ ನೂಕಿದರು. ಕಾಗದ ಬಿಗಿಯಾಯಿತು.

"ನೂಕಬ್ಯಾಡ್ರಿ ಸರ್!" ಎಂದು ಮೇಘಾ ಕೂಗಿದಳು.

"ಯಾಕ? ಒಳಗ ಏನ್ ಮಾಡ್ಲಿಕತ್ತೀರಿ?"

"ಬಾಗಿಲ ತಗದ್ರ ಸ್ಫೋಟ ಹರೀತದ, ಸರ್."

ಹೊರಗಿನಿಂದ ಗಂಭೀರವಾದ ದನಿ ಬಂತು. "ನಾ ಈ ವಿಭಾಗದ ಮುಖ್ಯಸ್ಥ ಅದೀನ್ರಿ ಸರೋಜಾಬಾಯಿ. ಅದನ್ನರ ಆಕೀಗೆ ಹೇಳ್ರಿ."

"ಆಕೀಗೆ ಗೊತ್ತದರಿ ಸರ್. ಸ್ಫೋಟಕ್ಕ ಗೊತ್ತಿಲ್ಲ," ಎಂದೆ. ಆ ಮಾತು ಎಲ್ಲಿಂದ ಬಂತೋ ಇಂದಿಗೂ ತಿಳಿಯದು.

ಕೊನೆಗೆ ಮುಖ್ಯಸ್ಥರು ಪಕ್ಕದ ಸ್ಟೋರ್ ರೂಮಿನ ಬಾಗಿಲಿನಿಂದ, ಒಡೆದ ಸ್ಟೂಲುಗಳನ್ನೂ ಹಳೆಯ ಬ್ಯಾಟರಿಗಳನ್ನೂ ದಾಟಿ, ಅಂಗಿಯ ತೋಳಿಗೆ ಜೇಡರ ಬಲೆ ಅಂಟಿಸಿಕೊಂಡು ಒಳಗೆ ಬಂದರು. ಯಾರೂ ನಗಲಿಲ್ಲ, ನಗು ತಡೆಯಲು ನಾನು ಪ್ರಿಂಟರಿನ ಹಿಂದೆ ಬಗ್ಗಿದೆ. ಸರ್ ಗೋಡೆಯ ಎದುರು ನಿಂತರು. ಎಡಗಡೆ ಅವರಿಗೆ ಚಿರಪರಿಚಿತವಾದ ಚೂಪು ಏರಿಕೆ. ಅದಾದ ಮೇಲೆ ಅವರು ಯಾವಾಗಲೂ ಕಾಗದ ಹರಿಯುವ ಜಾಗ. ಅದರಾಚೆ ಬಾಗಿಲಿನುದ್ದಕ್ಕೂ ಎಣಿಕೆ ಮೆಲ್ಲಗೆ ಉಬ್ಬಿ, ಬಲಗೋಡೆ ಮುಟ್ಟಿದ ಮೇಲೆ ಇಳಿದು ಸಮನಾಗಿತ್ತು.

ಸರ್ ಸ್ಕೇಲು ತೆಗೆದರು, ಮತ್ತೆ ಜೇಬಿನಲ್ಲಿಟ್ಟರು. ಅಷ್ಟುದ್ದಕ್ಕೆ ಅದು ಸಾಲುತ್ತಿರಲಿಲ್ಲ.

"ಇದು ಹಿನ್ನೆಲೆ ಏರಿಳಿತ ಅಲ್ಲ ಅಂತ ಹ್ಯಾಂಗ ಹೇಳ್ತಿ?"

ಮೇಘಾ ಇನ್ನೊಂದು ಉದ್ದ ಕಾಗದ ಬಿಚ್ಚಿ ಮೊದಲನೆಯದರ ಕೆಳಗೆ ಹಿಡಿದಳು. "ಸರ್, ಹಿಂದಿನ ದಿವಸ ಉಪಗ್ರಹ ಭೂಮಿ ಮ್ಯಾಲ ಇದೇ ಜಾಗ ದಾಟಿ, ಇದೇ ದಿಕ್ಕಿಗೆ ಮುಖ ಮಾಡಿತ್ತು. ಆವಾಗಿನ ಎಣಿಕಿ ಇದು. ಏರಿಳಿತ ಇದ್ರ ಇಲ್ಲೂ ಉಬ್ಬಬೇಕಲ್ಲ? ಉಬ್ಬಿಲ್ಲ. ಮರುದಿವಸದ್ದೂ ತಗದೀನಿ, ಅದೂ ಸಪಾಟ್ ಅದ."

ಸರ್ ಎರಡನ್ನೂ ಹಿಡಿದು ನೋಡಿದರು. ಆಮೇಲೆ ಎಡಗೋಡೆಯ ಮೇಲಿದ್ದ ತಮ್ಮ ಹಳೆಯ ಒಂಟಿ ಪುಟವನ್ನು ಮೆಲ್ಲಗೆ ಬಿಡಿಸಿಕೊಂಡರು. ಅದರ ಬಲ ಅಂಚಿನಲ್ಲಿ ಅವರು ಹಿನ್ನೆಲೆ ಎಂದು ಗೆರೆ ಎಳೆದ ಜಾಗ ಬಾಲದ ಬೆನ್ನ ಮೇಲೆಯೇ ಇತ್ತು. ಹಿನ್ನೆಲೆ ಎಂದು ಬಾಲವನ್ನೇ ಕಳೆದಿದ್ದರು. ಪುಟ ಹರಿದದ್ದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹೆಚ್ಚು ಶಕ್ತಿಯ ಕಿರಣಗಳಲ್ಲಿ ಬಾಲ ಕಾಣುವುದೂ ಕಡಿಮೆ, ಸರ್ ಯಾವಾಗಲೂ ನೋಡುತ್ತಿದ್ದದ್ದು ಅವನ್ನೇ. ಗೋಡೆಯ ಜಾಗ ಉಳಿಸಲು ಹೋಗಿ ಆಕಾಶವನ್ನು ಕತ್ತರಿಸಿದ ವಿಭಾಗ ಜಗತ್ತಿನಲ್ಲಿ ನಮ್ಮದೊಂದೇ ಇರಬೇಕು.

ಸರ್ ಆ ಒಂಟಿ ಪುಟವನ್ನು ಮಡಚದೆ ಹಾಗೇ ಕೈಯಲ್ಲಿ ಹಿಡಿದು ಸ್ಟೋರ್ ರೂಮಿನ ದಾರಿಯಲ್ಲೇ ಹೊರಟುಹೋದರು. ಮೇಘಾ ನನ್ನ ಮುಖ ನೋಡಿದಳು. "ಸಹಿ ಹಾಕ್ತಾರೇನ್ರಿ ಮೇಡಮ್?" ಎಂದಳು. ಗೊತ್ತಿಲ್ಲ ಎಂದೆ. ಬಸ್ಸಿನ ಹೊತ್ತಾಗಿತ್ತು.

ಮನೆಯಲ್ಲಿ ಯಜಮಾನರಿಗೆ ಎಲ್ಲ ಹೇಳಿದೆ. ಅವರದು ಕಾರ್ಖಾನೆಯಲ್ಲಿ ತಪಾಸಣೆ ಕೆಲಸ. "ನಮ್ಮಲ್ಲಿ ಅಳತಿ ತಪ್ಪಿದ ಭಾಗಕ್ಕ ಕೆಂಪು ಬಣ್ಣ ಬಳದು ಬದಿಗಿಡ್ತೀವಿ, ಸರೋಜಾ. ನಿಮ್ಮಲ್ಲಿ ಸಾಹೇಬ್ರ ಅಳತಿ ತಪ್ಪಿದ್ರ ಯಾರಿಗೆ ಬಣ್ಣ ಬಳೀತೀರಿ?" ಎಂದು ಕೇಳಿ ಹಾಯಾಗಿ ಮಲಗಿದರು. ನನಗೆ ಭಾನುವಾರದ ಊಟ ರುಚಿ ಹತ್ತಲಿಲ್ಲ. ಸರ್ ಹೇಳಿದ್ದು ಖರೆ, ಮೇಜಿನ ಮೇಲೆ ಉಳಿದದ್ದು ತಲೆಯಲ್ಲೂ ಉಳಿಯುತ್ತದೆ.

ಸೋಮವಾರ ನಾನು ಕೋಣೆಗೆ ಬಂದಾಗ ಬಾಗಿಲ ಮೇಲಿನ ಕಾಗದ ಹಾಗೇ ಇತ್ತು. ಎಲ್ಲರೂ ಸ್ಟೋರ್ ರೂಮಿನಿಂದಲೇ ಬರುತ್ತಿದ್ದರು. ಒಳಗೆ ಮೇಜಿನ ಮೇಲೆ ಎಣ್ಣೆ ಹತ್ತಿದ ಒಂದು ದೊಡ್ಡ ಪೊಟ್ಟಣವಿತ್ತು. ಬಿಚ್ಚಿ ನೋಡಿದರೆ ಚಿವಡಾ. ಯಾರು ತಂದದ್ದು ಎಂದು ಯಾರೂ ಕೇಳಲಿಲ್ಲ. ಬಿರಾದಾರ ಸರ್ ಮೂಲೆಯಲ್ಲಿ ಕುಳಿತು ಮೇಘಾಳ ನಾಲ್ಕನೆಯ ಅಧ್ಯಾಯ ತಿದ್ದುತ್ತಿದ್ದರು.

"ತಿನ್ರಿ," ಎಂದರು ತಲೆಯೆತ್ತದೆ. "ನಾಶಿಕದ್ದಲ್ಲ, ಇಲ್ಲೀದು. ಖಾರ ಸ್ವಲ್ಪ ಕಡಿಮಿ ಅದ."

ನಾವು ತಿಂದೆವು. ಅಷ್ಟು ರುಚಿಯಾದ ಚಿವಡಾ ನಾನು ತಿಂದಿಲ್ಲ, ಖಾರ ಕಡಿಮೆಯಿದ್ದದ್ದೂ ನಿಜ. ಮೇಘಾ ಮಾತ್ರ ಒಂದು ಮುಷ್ಟಿ ಹಿಡಿದುಕೊಂಡು ಬಾಯಿಗೆ ಹಾಕಲಾರದೆ ನಿಂತಿದ್ದಳು, ಕಣ್ಣು ತುಂಬಿದ್ದವು. ಸರ್ ಅವಳನ್ನು ಕರೆದು ತಮ್ಮ ಹಳೆಯ ಪುಟ ಕೊಟ್ಟರು.

"ನಾಕನೇ ಅಧ್ಯಾಯದಾಗ ಮೊದಲನೇ ಚಿತ್ರ ಇದು ಹಾಕು. ಹರದ ಕಾಗದ, ನಾ ಎಳದ ಗೆರಿ. ಎರಡನೇದ್ದು ನಿಂದು ಹಾಕು, ಹರಿಯದ್ದು."

"ಸರ್, ನಿಮ್ಮ ಹೆಸರು ಬ್ಯಾಡ. ಬರೀ ಹಳೇ ವಿಧಾನ ಅಂತ ಬರೀತೀನಿ."

"ಹೆಸರು ಹಾಕಬೇಕು. ಇಷ್ಟು ವರ್ಷ ಗ್ವಾಡಿ ತುಂಬಿಸಿದವ ನಾನು. ಚಿವಡಾ ತಿಂದ್ರ ನಮಗ ಆತು. ಹೊರಗಿನವರಿಗೆ ಏನು ತಿನಿಸೋಣ? ಬರದ ತೋರಿಸಬೇಕು. ಬರಿ: ಬಿರಾದಾರ ಅವರ ವಿಧಾನದಲ್ಲಿ ಬಾಲ ಹೀಗೆ ಕಳೆದುಹೋಗಿತ್ತು."

ಅವಳು ಬರೆದಳು. ಅವರು ಅಲ್ಲೇ ಸಹಿ ಹಾಕಿದರು. ಆಮೇಲೆ ಎದ್ದು, ಬಾಗಿಲಿಗೆ ಅಡ್ಡವಾಗಿದ್ದ ಕಾಗದವನ್ನು ತಾವೇ ಹರಿಯದಂತೆ ಬಿಡಿಸಿ ಅವಳ ಕೈಗಿಟ್ಟರು. ಅಂದಿನಿಂದ ಶನಿವಾರ ಮೇಜು ಖಾಲಿ ಮಾಡುವ ಪದ್ಧತಿ ನಿಂತಿತು. ಎಡಕ್ಕೂ ಬಲಕ್ಕೂ ಸಲ್ಲದವು ಮೇಜಿನ ಮೇಲೆ ನೆಮ್ಮದಿಯಾಗಿ ಕುಳಿತವು.

ಮೌಖಿಕ ಪರೀಕ್ಷೆಗೆ ಪುಣೆಯಿಂದ ಬಂದ ಪರೀಕ್ಷಕರು ಮೊದಲ ಚಿತ್ರ ನೋಡಿ, ಅಲ್ಲಿದ್ದ ಹೆಸರನ್ನು ಎರಡು ಸಲ ಓದಿದರು. ಮಾರ್ಗದರ್ಶಕರ ತಪ್ಪನ್ನು ಮಾರ್ಗದರ್ಶಕರ ಹೆಸರಿನಲ್ಲೇ ಹಾಕಿದ ಪ್ರಬಂಧ ಇದೇ ಮೊದಲು ನೋಡುತ್ತಿದ್ದೇನೆ ಎಂದರು. ಮೇಘಾಳನ್ನು ಚೆನ್ನಾಗಿಯೇ ಹಿಂಡಿದರು. ಬಾಲ ಇದ್ದ ಮಾತ್ರಕ್ಕೆ ಅದು ಡಿಕ್ಕಿ ಎಂದು ಸಿದ್ಧವಾಯಿತೇ ಎಂದು ಕೇಳಿದಾಗ ಅವಳು ಇಲ್ಲ ಎಂದಳು. ಕುತ್ತಿಗೆ ನೋಡಬೇಕು, ಯಾವ ತರಹದ ಗ್ಯಾಲಕ್ಸಿಯಲ್ಲಿ ಆಯಿತು ಎಂದು ನೋಡಬೇಕು, ನೆರೆಹೊರೆ ನೋಡಬೇಕು, ಎಲ್ಲ ನೋಡಿದ ಮೇಲೂ ಬಹುಶಃ ಎಂದೇ ಹೇಳಬೇಕು ಎಂದಳು. ಆ ಬಹುಶಃಕ್ಕೆ ಪರೀಕ್ಷಕರು ತಲೆದೂಗಿದರು. ವೈಜಾಪುರದ ಕೆಲಸ ಅವಳಿಗೇ ಸಿಕ್ಕಿತು.

ನಾಲ್ಕೈದು ಗುಣಗಳನ್ನು ಕೂಡಿಸಿ ನೋಡುವ ಆ ರೀತಿಯೇ ಈಗ ನಿಮ್ಮ ಕಂಪ್ಯೂಟರುಗಳಲ್ಲಿ ಕುಳಿತಿದೆ. ಕಂಪ್ಯೂಟರ್ ಇದು ಗಿಡ್ಡ ಎಂದು ಹೇಳುವುದಿಲ್ಲ, ಗಿಡ್ಡದ ಜಾತಿಯಾಗಿರುವ ಸಾಧ್ಯತೆ ಇಷ್ಟು ಎನ್ನುತ್ತದೆ. ಒಳ್ಳೆಯದೇ. ಆದರೆ ಮಕ್ಕಳೇ, ಯಂತ್ರಕ್ಕೆ ನೀವು ಕೊಡುವ ಕಾಗದವನ್ನು ಎಲ್ಲಿ ಹರಿದಿದ್ದೀರಿ ಎಂದು ಯಂತ್ರ ಕೇಳುವುದಿಲ್ಲ. ಅದನ್ನು ನೀವೇ ಕೇಳಿಕೊಳ್ಳಬೇಕು. ೨೦೧೭ರಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯ ನಡುಕ ಗುರುತ್ವದ ಅಲೆಗಳಾಗಿ ಭೂಮಿಗೆ ಬಂದು, ಅದರ ಬೆನ್ನಿಗೇ ಒಂದು ಗಿಡ್ಡ ಸ್ಫೋಟವೂ ಕಂಡಾಗ ಲೋಕವೆಲ್ಲ ಹಬ್ಬ ಮಾಡಿತು. ಆ ಹೊತ್ತಿಗೆ ಬಿರಾದಾರ ಸರ್ ನಿವೃತ್ತರಾಗಿ ನಾಶಿಕದಲ್ಲಿ ಮಗಳ ಮನೆಯಲ್ಲಿದ್ದರು. ನನಗೆ ಫೋನ್ ಮಾಡಿ, "ಗಿಡ್ಡವು ಡಿಕ್ಕಿನೇ ಅಂತ ಗೊತ್ತಾತಲ್ರಿ. ನನ್ನ ಎಡಗ್ವಾಡಿ ಅರ್ಧ ಖರೇ ಇತ್ತು!" ಎಂದು ಮಗುವಿನ ಹಾಗೆ ಖುಷಿಪಟ್ಟರು.

ಅದೇ ಖುಷಿಯಲ್ಲಿ ಒಂದು ದಿನ ಇಬ್ಬರೂ ಕೂಡಿ ವೈಜಾಪುರಕ್ಕೆ ಹೋದೆವು. ಮೇಘಾಳಿಗೆ ಹೇಳಿರಲಿಲ್ಲ. ಅವಳು ತರಗತಿಯಲ್ಲಿದ್ದಳು. ಪ್ರಯೋಗಶಾಲೆಯಲ್ಲಿ ಒಬ್ಬ ಹುಡುಗಿ ನಮ್ಮನ್ನು ಕೂರಿಸಿದಳು. ಅಲ್ಲಿಯ ಮುಚ್ಚಿದ ಬಾಗಿಲಿನ ಒಳಮೈ ಮೇಲೆ ಗಾಜು ಹಾಕಿಸಿದ ಎರಡು ಚಿತ್ರಗಳಿದ್ದವು, ಒಂದರ ಕೆಳಗೊಂದು. ಮೇಲೆ ಹರಿದದ್ದು, ಕೆಳಗೆ ಹರಿಯದ್ದನ್ನು ಕುಗ್ಗಿಸಿ ಮಾಡಿದ್ದು. ಸರ್ ಕನ್ನಡಕ ಸರಿಮಾಡಿಕೊಂಡು ಎದ್ದು ಹೋಗಿ, ಇದೇನು ಎಂದು ಹುಡುಗಿಯನ್ನು ಮರಾಠಿಯಲ್ಲಿ ಕೇಳಿದರು. ಅವಳಿಗೆ ಅವರು ಯಾರೆಂದು ಗೊತ್ತಿಲ್ಲ. ಉತ್ಸಾಹದಿಂದ ಹೇಳಿದಳು. ಹಿಂದೆ ಒಬ್ಬ ಹಿರಿಯ ಸರ್ ಇದ್ದರಂತೆ, ಸ್ಫೋಟದ ಬಾಲ ಕತ್ತರಿಸಿಬಿಟ್ಟಿದ್ದರಂತೆ, ನಮ್ಮ ಮೇಡಮ್ ಅದನ್ನು ಹುಡುಕಿದರಂತೆ.

"ಆ ಸರ್‌ಗೆ ಸಿಟ್ಟು ಬರಲಿಲ್ಲವೇ?" ಎಂದು ಸರ್ ಕೇಳಿದರು.

"ಇಲ್ಲವಂತೆ. ಮಾರನೇ ಸೋಮವಾರ ಎಲ್ಲರಿಗೂ ಚಿವಡಾ ತಂದರಂತೆ," ಎಂದಳು ಹುಡುಗಿ. "ಮೇಡಮ್ ಹೇಳುತ್ತಾರೆ, ಬಾಲವನ್ನು ಯಾರಾದರೂ ಒಂದಲ್ಲ ಒಂದು ದಿನ ಹುಡುಕಿಯೇ ಇರುತ್ತಿದ್ದರು, ಆ ಚಿವಡಾ ಬೇರೆ ಯಾರೂ ತರುತ್ತಿರಲಿಲ್ಲ, ನೀವು ಕಲಿಯಬೇಕಾದದ್ದು ಅದನ್ನು ಅಂತ."

ಬಿರಾದಾರ ಸರ್ ಬಾಗಿಲ ಕಡೆಗೇ ಮುಖ ಮಾಡಿ ನಿಂತುಬಿಟ್ಟರು. ನನಗೆ ಅಳು ಬಂತು, ಅದನ್ನು ಮುಚ್ಚಿಡಲು ಇಲ್ಲಿ ಪ್ರಿಂಟರೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೊರಗಿನಿಂದ ಮೇಘಾಳ ಹೆಜ್ಜೆ ಸಪ್ಪಳ ಕೇಳಿತು, ಬಾಗಿಲಿಗೆ ಕೈ ಬಿದ್ದ ಸದ್ದಾಯಿತು.

"ತಡೀ ಯವ್ವಾ, ನೂಕಬ್ಯಾಡ," ಎಂದರು ಸರ್ ಒಳಗಿನಿಂದ. "ನಾ ಅದೀನಿ. ಬಾಗಿಲ ಮ್ಯಾಲಿಂದು ಇನ್ನಾ ಓದಾಕತ್ತೀನಿ."